ರಿಯೆಲ್ ಹೋದ ಮೇಲೂ ಸಭೆ ಸೇರಿದವರು

ಹಿಂದಿನ ಸಂಚಿಕೆಯಲ್ಲಿ ಕೆನಡಾದ ಮೆಟಿ ನಾಯಕ ಲೂಯಿ ರಿಯೆಲ್ ಬಗ್ಗೆ ಒಬ್ಬರು ಕೇಳಿದ್ದರು, ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. ಅದು ಯಾರಿಗೂ ಸಾಕಾದಂತಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದವು, ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ನಾನು ವಿನ್ನಿಪೆಗ್‌ನಲ್ಲಿ ನೆಲೆಸಿ, ಅಲ್ಲಿನ ಗ್ರಂಥಾಲಯವೊಂದರಲ್ಲಿ ಹಳೆಯ ಕಾಗದಪತ್ರಗಳ ವಿಭಾಗ ನೋಡಿಕೊಂಡು ನಿವೃತ್ತಳಾದವಳು. ಮನವಿ ಪತ್ರ, ಸಭೆಯ ನಡಾವಳಿ, ಸಹಿಯ ಪಟ್ಟಿ, ಇವೇ ನನ್ನ ದಿನನಿತ್ಯದ ಒಡನಾಟವಾಗಿದ್ದವು. ಮೆಟಿ ಜನರ ಕಥೆಯನ್ನು ನಾನು ಆ ಕಡೆಯಿಂದಲೇ ಹೇಳುವವಳು.

ಮೇಡಂ, ನಾವು ವಿನ್ನಿಪೆಗ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಫೆಬ್ರುವರಿಯಲ್ಲಿ ಲೂಯಿ ರಿಯೆಲ್ ದಿನ ಅಂತ ಮಗಳ ಶಾಲೆಗೆ ರಜೆ ಕೊಟ್ಟರು. ಮೆಟಿ ಎಂದರೆ ಯಾರು? ಅವರ ರಾಜಕೀಯ ಶುರುವಾದದ್ದು ರಿಯೆಲ್‌ನಿಂದಲೇ?
— ಒಬ್ಬ ತಾಯಿ, ವಿನ್ನಿಪೆಗ್

ಅಲ್ಲಮ್ಮ, ರಿಯೆಲ್ ಹುಟ್ಟುವ ಮೊದಲೇ ಶುರುವಾಗಿತ್ತು.

ಹದಿನೆಂಟನೇ ಶತಮಾನದಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಬಂದ ಫ್ರೆಂಚರು, ಸ್ಕಾಟರು ಇಲ್ಲಿನ ಕ್ರೀ, ಒಜಿಬ್ವೆ, ಅಸಿನಿಬೊಯ್ನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ಮಕ್ಕಳು, ಮೊಮ್ಮಕ್ಕಳು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿ, ಮಿಚಿಫ್ ಎಂಬ ಸ್ವಂತ ಭಾಷೆ, ಸ್ವಂತ ಬಾವುಟ, ಸ್ವಂತ ಕಾನೂನು ಕಟ್ಟಿಕೊಂಡು ಬೇರೊಂದು ಜನಾಂಗವೇ ಆದರು. ನೀವು ಈಗ ಇರುವ ಊರಿನಲ್ಲಿ ರೆಡ್ ಮತ್ತು ಅಸಿನಿಬೊಯ್ನ್ ನದಿಗಳು ಕೂಡುವ ಜಾಗವೇ ಅವರ ಮೂಲ ನೆಲೆ. 1816ರ ಜೂನ್ 19ರಂದು ಸೆವೆನ್ ಓಕ್ಸ್ ಎಂಬಲ್ಲಿ ಕತ್ಬರ್ಟ್ ಗ್ರಾಂಟ್ ಮುಂದಾಳತ್ವದಲ್ಲಿ ಹಡ್ಸನ್ಸ್ ಬೇ ಎಂಬ ಬ್ರಿಟಿಷ್ ತುಪ್ಪಳ ವ್ಯಾಪಾರದ ಕಂಪನಿಯ ಕಡೆಯವರನ್ನು ಎದುರಿಸಿ ಗೆದ್ದಾಗಲೇ ಅವರು ತಮ್ಮನ್ನು ಬೇರೊಂದು ಜನ ಎಂದುಕೊಂಡಿದ್ದರು.

ಆದರೆ ಅವರ ರಾಜಕೀಯ ಕಲಿಕೆ ನಡೆದದ್ದು ಬೈಸನ್ ಬೇಟೆಯಲ್ಲಿ. 1840ರ ಬೇಸಿಗೆಯ ಬೇಟೆಯನ್ನು ಕಣ್ಣಾರೆ ಕಂಡ ಅಲೆಕ್ಸಾಂಡರ್ ರಾಸ್ ಲೆಕ್ಕ ಸಮೇತ ಬರೆದಿಟ್ಟಿದ್ದಾರೆ. ಗಂಡಸರು, ಹೆಂಗಸರು, ಮಕ್ಕಳು ಸೇರಿ 1,630 ಜನ, 1,210 ಗಾಡಿ. ನಾಲ್ಕಾರು ಜನರ ಮಾತಲ್ಲ ಇದು. ಒಂದು ಇಡೀ ಪಟ್ಟಣವೇ ಹುಲ್ಲುಗಾವಲಿನ ಮೇಲೆ ಎದ್ದು ನಡೆಯುತ್ತಿತ್ತು. ಹೊರಡುವ ಮೊದಲು ಎಲ್ಲರೂ ಸಭೆ ಸೇರಿ ಹತ್ತು ಮಂದಿ ಕ್ಯಾಪ್ಟನ್‌ಗಳನ್ನು ಆರಿಸಿದರು, ಅವರಲ್ಲಿ ಜಾನ್ ಬ್ಯಾಪ್ಟಿಸ್ಟ್ ವಿಲ್ಕಿ ಎಂಬಾತನನ್ನು ಮುಖ್ಯಸ್ಥ ಎಂದರು. ಒಬ್ಬೊಬ್ಬ ಕ್ಯಾಪ್ಟನ್‌ನ ಕೈಕೆಳಗೆ ಹತ್ತು ಕಾವಲುಗಾರರು. ಬೆಳಿಗ್ಗೆ ಬಾವುಟ ಏರಿದರೆ ಡೇರೆ ಕೀಳಬೇಕು. ಬಾವುಟ ಮೇಲಿರುವಷ್ಟು ಹೊತ್ತು ಆಡಳಿತ ಆ ದಿನ ದಾರಿ ತೋರುವವನದು, ಇಳಿದ ಮೇಲೆ ಕ್ಯಾಪ್ಟನ್‌ಗಳದೂ ಅವರ ಕಾವಲುಗಾರರದೂ.

ನಿಯಮಗಳನ್ನು ಓದಿದರೆ ಇವರ ಶಿಸ್ತು ಗೊತ್ತಾಗುತ್ತದೆ. ಭಾನುವಾರ ಬೇಟೆ ಇಲ್ಲ. ಅಪ್ಪಣೆಯಿಲ್ಲದೆ ಯಾರೂ ಗುಂಪು ಬಿಟ್ಟು ಮುಂದೆ ಹೋಗಕೂಡದು, ಹಿಂದೆ ಉಳಿಯಕೂಡದು. ಎಲ್ಲರಿಗೂ ಆದೇಶ ಬರುವ ಮೊದಲು ಒಬ್ಬನೇ ನುಗ್ಗಿ ಹಿಂಡನ್ನು ಬೆದರಿಸಿದರೆ ಮೊದಲ ತಪ್ಪಿಗೆ ಅವನ ಜೀನು, ಲಗಾಮು ಕತ್ತರಿಸಿ ಹಾಕುತ್ತಿದ್ದರು. ಎರಡನೇ ಸಲಕ್ಕೆ ಮೈಮೇಲಿನ ಕೋಟು. ಮೂರನೆಯದಕ್ಕೆ ಛಡಿಯೇಟು. ಒಂದು ನರದ ಎಳೆ ಕದ್ದರೂ ಸರಿ, ಕದ್ದವರನ್ನು ಬಿಡಾರದ ನಡುವೆ ನಿಲ್ಲಿಸಿ, ಹೆಸರು ಹಿಡಿದು ಮೂರು ಸಲ "ಕಳ್ಳ" ಎಂದು ಕೂಗಿಸುತ್ತಿದ್ದರು. ಜೈಲಿಲ್ಲ, ಪೊಲೀಸರಿಲ್ಲ, ದೂರದ ದೊರೆಯೂ ಇಲ್ಲ. ತಾವೇ ಆರಿಸಿದವರು, ತಾವೇ ಒಪ್ಪಿದ ನಿಯಮ. ಬೇಟೆ ಮುಗಿದರೆ ಆ ಅಧಿಕಾರವೂ ಮುಗಿಯಿತು.

1849ರಲ್ಲಿ ಇದೇ ಒಗ್ಗಟ್ಟು ಊರೊಳಗೂ ಕೆಲಸ ಮಾಡಿತು. ಕಂಪನಿಯ ಏಕಸ್ವಾಮ್ಯ ಮುರಿದು ತುಪ್ಪಳ ಮಾರಿದನೆಂದು ಗಿಯೋಮ್ ಸೇಯರ್ ಮೇಲೆ ಮೊಕದ್ದಮೆ ಹೂಡಿದಾಗ ನೂರಾರು ಮೆಟಿಗಳು ಬಂದೂಕು ಹಿಡಿದು ನ್ಯಾಯಾಲಯದ ಸುತ್ತ ನಿಂತರು. ತಪ್ಪಿತಸ್ಥ ಎಂದು ತೀರ್ಪಾಯಿತು, ಶಿಕ್ಷೆ ಮಾತ್ರ ಆಗಲಿಲ್ಲ. "ವ್ಯಾಪಾರ ಮುಕ್ತ" ಎಂದು ಕೂಗಿಕೊಂಡು ಹೊರಬಂದ ಆ ಗುಂಪನ್ನು ಸಂಘಟಿಸಿದವರಲ್ಲಿ ಒಬ್ಬರು ರಿಯೆಲ್‌ನ ತಂದೆ. ಅವರ ಹೆಸರೂ ಲೂಯಿ ರಿಯೆಲ್ಲೇ.

ನಮ್ಮ ಕಾಲೇಜಿನ ಪುಸ್ತಕದಲ್ಲಿ 1869–70ರದ್ದನ್ನು "ದಂಗೆ" ಎಂದಿದೆ, ಉಪನ್ಯಾಸಕರು "ಪ್ರತಿರೋಧ" ಎನ್ನಬೇಕು ಅಂತಾರೆ. ನಿಮ್ಮ ಅಭಿಪ್ರಾಯವೇನು ಮೇಡಂ?
— ಇತಿಹಾಸ ವಿದ್ಯಾರ್ಥಿನಿ, ಟೊರಾಂಟೊ

ನಿಮ್ಮ ಉಪನ್ಯಾಸಕರ ಪಕ್ಷ ನಾನು. ಏಕೆಂದರೆ ನಡೆದದ್ದನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ.

ಹಡ್ಸನ್ಸ್ ಬೇ ಕಂಪನಿ ರೂಪರ್ಟ್ಸ್ ಲ್ಯಾಂಡ್ ಎಂಬ ಆ ವಿಶಾಲ ಪ್ರದೇಶವನ್ನು 3 ಲಕ್ಷ ಪೌಂಡ್‌ಗೆ ಕೆನಡಾಕ್ಕೆ ಬಿಟ್ಟುಕೊಡಲು ಒಪ್ಪಿತು. ಅಲ್ಲಿ ವಾಸವಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹಸ್ತಾಂತರ ಮುಗಿಯುವ ಮೊದಲೇ ಒಟ್ಟಾವಾದಿಂದ ಸರ್ವೇ ತಂಡ ಬಂತು. ಮೆಟಿಗಳ ಹೊಲಗಳೆಲ್ಲ ನದಿಗೆ ತಾಗಿದ ಉದ್ದನೆಯ ಪಟ್ಟಿಗಳು: ಮುಂದೆ ನೀರು, ಮಧ್ಯೆ ಮನೆ ಮತ್ತು ಹೊಲ, ಹಿಂದೆ ಹುಲ್ಲುಗಾವಲು. ಸರ್ವೇಯವರು ಎಳೆಯುತ್ತಿದ್ದದ್ದು ಚೌಕಾಕಾರದ ಗೆರೆ. 1869ರ ಅಕ್ಟೋಬರ್ 11ರಂದು ಅವರ ಅಳತೆಯ ಸರಪಳಿ ಆಂಡ್ರೆ ನೋ ಎಂಬ ರೈತನ ಹುಲ್ಲುಗಾವಲಿಗೆ ಬಂದಾಗ, ಇಪ್ಪತ್ತೈದು ತುಂಬಲು ಇನ್ನೂ ದಿನಗಳಿದ್ದ ರಿಯೆಲ್ ನೆರೆಯವರೊಂದಿಗೆ ಬಂದು ಸರಪಳಿಯ ಮೇಲೆ ಕಾಲಿಟ್ಟ. ಗುಂಡು ಹಾರಲಿಲ್ಲ. ಸರ್ವೇಯವರು ಸಾಮಾನು ಕಟ್ಟಿಕೊಂಡು ಹೋದರು.

ಐದು ದಿನದ ನಂತರ ಸೇಂಟ್ ನಾರ್ಬರ್ಟ್‌ನಲ್ಲಿ ಮೆಟಿ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಅಧ್ಯಕ್ಷ ಜಾನ್ ಬ್ರೂಸ್, ಕಾರ್ಯದರ್ಶಿ ರಿಯೆಲ್. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ರಿಯೆಲ್ ಮೊದಲು ಹಿಡಿದ ಹುದ್ದೆ ಕಾರ್ಯದರ್ಶಿಯದು. ಮಾಂಟ್ರಿಯಲ್‌ನಲ್ಲಿ ಓದಿ ಬಂದಿದ್ದ, ಫ್ರೆಂಚ್ ಇಂಗ್ಲಿಷ್ ಎರಡರಲ್ಲೂ ಬರೆಯಬಲ್ಲವನಾಗಿದ್ದ, ಬರವಣಿಗೆ ಅವನ ಪಾಲಿಗೆ ಬಂತು. ನವೆಂಬರ್ 2ರಂದು ಅಪ್ಪರ್ ಫೋರ್ಟ್ ಗ್ಯಾರಿ ಕೋಟೆ ಅವರ ವಶವಾಯಿತು, ಅದೂ ರಕ್ತಪಾತವಿಲ್ಲದೆ. ಡಿಸೆಂಬರ್‌ನಲ್ಲಿ ತಾತ್ಕಾಲಿಕ ಸರ್ಕಾರ. ಜನವರಿ ಕೊನೆಯಲ್ಲಿ ನಲವತ್ತು ಪ್ರತಿನಿಧಿಗಳ ಸಮ್ಮೇಳನ: ಇಪ್ಪತ್ತು ಮಂದಿ ಫ್ರೆಂಚ್ ಮಾತಿನವರು, ಇಪ್ಪತ್ತು ಮಂದಿ ಇಂಗ್ಲಿಷ್ ಮಾತಿನವರು. ಹಕ್ಕುಗಳ ಪಟ್ಟಿಯನ್ನು ಸಾಲುಸಾಲಾಗಿ ಚರ್ಚಿಸಿ ಬರೆದರು. ಆ ಪಟ್ಟಿಯ ಬಲದ ಮೇಲೆ ಫಾದರ್ ರಿಶೋ ಮತ್ತು ಇನ್ನಿಬ್ಬರು ಒಟ್ಟಾವಾಕ್ಕೆ ಹೋಗಿ ಮಾತುಕತೆ ನಡೆಸಿದರು. 1870ರ ಮೇ 12ರಂದು ಮ್ಯಾನಿಟೋಬಾ ಕಾಯ್ದೆಗೆ ಅಂಕಿತ ಬಿತ್ತು. ಮ್ಯಾನಿಟೋಬಾ ಒಂದು ಪ್ರಾಂತ್ಯವಾಯಿತು. ಕಾಯ್ದೆಯ 31ನೇ ಕಲಮು ಮೆಟಿ ಮಕ್ಕಳಿಗೆಂದು 14 ಲಕ್ಷ ಎಕರೆ ಮೀಸಲಿಟ್ಟಿತು.

ದಂಗೆಯೆದ್ದವರ ಜೊತೆ ಕೂತು ಸಂಸತ್ತು ಪ್ರಾಂತ್ಯ ಕಟ್ಟುವುದಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಸೆರೆಯಲ್ಲಿದ್ದ ಥಾಮಸ್ ಸ್ಕಾಟ್ ಎಂಬಾತನನ್ನು 1870ರ ಮಾರ್ಚ್ 4ರಂದು ಗುಂಡಿಟ್ಟು ಕೊಂದದ್ದು ಆ ಸರ್ಕಾರದ ನಿರ್ಧಾರವೇ. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ, ಜೊತೆಗೆ ದೊಡ್ಡ ರಾಜಕೀಯ ಅನಾಹುತ. ಒಂಟಾರಿಯೊ ಪ್ರಾಂತ್ಯ ಹೊತ್ತಿ ಉರಿಯಿತು. ಆಗಸ್ಟ್‌ನಲ್ಲಿ ಸೈನ್ಯ ಬಂದಾಗ ರಿಯೆಲ್ ಓಡಿಹೋಗಬೇಕಾಯಿತು. ಸೈನಿಕರು ಬೀದಿಬೀದಿಯಲ್ಲಿ ಮೆಟಿಗಳನ್ನು ಹಿಡಿದು ಬಡಿದರು. ರಿಯೆಲ್‌ನನ್ನು ಅವನ ಜನ ಸಂಸತ್ತಿಗೆ ಆರಿಸಿ ಕಳಿಸಿದರೂ ಕೂರಲು ಬಿಡಲಿಲ್ಲ.

ಸ್ಕ್ರಿಪ್ ಎಂದರೆ ಏನು? ಜಮೀನು ಕೊಟ್ಟರೆಂದು ಒಂದು ಕಡೆ ಓದುತ್ತೇನೆ, ಕಿತ್ತುಕೊಂಡರೆಂದು ಇನ್ನೊಂದು ಕಡೆ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮಿಸ್ಸಿಸಾಗಾ

ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಕ್ರಿಪ್ ಒಂದು ಮುದ್ರಿತ ಚೀಟಿ. ಸರ್ಕಾರಿ ಜಮೀನನ್ನು ಇಷ್ಟು ಎಕರೆ, ಅಥವಾ ಇಷ್ಟು ಡಾಲರ್ ಬೆಲೆಗೆ ಪಡೆಯುವ ಹಕ್ಕು ಅದರಲ್ಲಿ. ಚೀಟಿ ಹಂಚುವ ಆಯೋಗ ಊರಿಂದೂರಿಗೆ ಹೋಗುವಾಗ ಅದರ ಬೆನ್ನಿಗೇ ಖರೀದಿದಾರರೂ ಹೋಗುತ್ತಿದ್ದರು. ಜಮೀನು ಪಡೆಯಬೇಕಾದರೆ ಎಲ್ಲೋ ದೂರದ ಭೂಕಚೇರಿಗೆ ಹೋಗಬೇಕು. ಹಸಿದ ಸಂಸಾರದ ಕೈಗೆ ಅಲ್ಲೇ ರೊಕ್ಕ ಕೊಟ್ಟು, ಬೆಲೆಯ ಒಂದು ಚೂರಿಗೆ ಚೀಟಿ ಬರೆಸಿಕೊಳ್ಳುತ್ತಿದ್ದರು. ಸಹಿ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ ಗುರುತು, ಪಕ್ಕದಲ್ಲಿ ಸಾಕ್ಷಿಯ ಹೆಸರು. ಒಂದೇ ಕೈಬರಹದ ಸಾಕ್ಷಿ ಕಾಗದದಿಂದ ಕಾಗದಕ್ಕೆ ಬರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಮ್ಯಾನಿಟೋಬಾದ ಮಕ್ಕಳ 14 ಲಕ್ಷ ಎಕರೆಯ ಗತಿಯೂ ಹೀಗೇ. ತಲಾ 240 ಎಕರೆ ಎಂದು ನಿಗದಿಯಾಯಿತು, ಹಂಚಿಕೆ ಹತ್ತು ವರ್ಷಕ್ಕೂ ಮೀರಿ ಎಳೆಯಿತು. ಕೊನೆಗೆ 993 ಮಕ್ಕಳಿಗೆ ಜಮೀನೇ ಸಾಲದೆ 240 ಡಾಲರಿನ ಚೀಟಿ ಕೊಟ್ಟರು. ಎಕರೆಗೆ 1 ಡಾಲರ್ ಎಂಬ ಹಳೆಯ ದರದ ಲೆಕ್ಕ ಅದು. ಅಷ್ಟರಲ್ಲಿ ದರ ದುಪ್ಪಟ್ಟಾಗಿತ್ತು. ಅಂದರೆ ಅರ್ಧ ಜಮೀನು ಅಲ್ಲೇ ಹೋಯಿತು. ಮ್ಯಾನಿಟೋಬಾ ಮೆಟಿ ಫೆಡರೇಶನ್ 1981ರಲ್ಲಿ ಕೇಸು ಹಾಕಿತು. 2013ರ ಮಾರ್ಚ್ 8ರಂದು ಸುಪ್ರೀಂ ಕೋರ್ಟು, ಸರ್ಕಾರ ತನ್ನ ಮಾತಿನ ಘನತೆಗೆ ತಕ್ಕಂತೆ ನಡೆದುಕೊಳ್ಳಲಿಲ್ಲ ಎಂದು ಘೋಷಿಸಿತು.

1885ರಲ್ಲಿ ರಿಯೆಲ್‌ಗೆ ಗಲ್ಲಾಯಿತು. ಆಮೇಲೆ ನಾನು ಓದಿದ ಪುಸ್ತಕಗಳೆಲ್ಲ ನೇರ 1960ರ ದಶಕಕ್ಕೆ ಹಾರುತ್ತವೆ. ನಡುವಿನ ಎಪ್ಪತ್ತೈದು ವರ್ಷ ಆ ಜನ ಸುಮ್ಮನೆ ಕೂತಿದ್ದರೇ?
— ನಿವೃತ್ತ ಶಿಕ್ಷಕರು, ಎಡ್ಮಂಟನ್

ಗುರುಗಳೇ, ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ. ಉತ್ತರದ ಬಹುಪಾಲು ನಿಮ್ಮ ಊರಿನ ಆಸುಪಾಸಿನಲ್ಲೇ ಇದೆ.

ಮೊದಲು 1885ರ ಮಾತು ಎರಡೇ ಸಾಲಿನಲ್ಲಿ. ಮ್ಯಾನಿಟೋಬಾದಿಂದ ಪಶ್ಚಿಮಕ್ಕೆ ಸರಿದ ಮೆಟಿಗಳು ದಕ್ಷಿಣ ಸಸ್ಕ್ಯಾಚೆವನ್ ನದಿ ದಡದಲ್ಲಿ ನೆಲೆಸಿ, 1873ರ ಡಿಸೆಂಬರ್‌ನಲ್ಲಿ ಗೇಬ್ರಿಯಲ್ ಡ್ಯುಮಾಂಟ್‌ನನ್ನು ಅಧ್ಯಕ್ಷನನ್ನಾಗಿ, ಎಂಟು ಮಂದಿಯನ್ನು ಸದಸ್ಯರನ್ನಾಗಿ ಆರಿಸಿ ಸೇಂಟ್ ಲಾರೆಂಟ್ ಎಂಬಲ್ಲಿ ಆಡಳಿತ ಮಂಡಳಿ ಮಾಡಿಕೊಂಡಿದ್ದರು. ಬೇಟೆಯ ಕಾನೂನೇ ಊರಿನ ಕಾನೂನಾಯಿತು. ಜಮೀನಿನ ಹಕ್ಕಿಗಾಗಿ ಒಟ್ಟಾವಾಕ್ಕೆ ಮನವಿ ಮೇಲೆ ಮನವಿ ಹೋಯಿತು, ಸಮಾಧಾನದ ಉತ್ತರ ಬರಲಿಲ್ಲ. 1884ರಲ್ಲಿ ಡ್ಯುಮಾಂಟ್ ಮತ್ತು ಸಂಗಡಿಗರು ಕುದುರೆಯೇರಿ ಮೊಂಟಾನಾಕ್ಕೆ ಹೋಗಿ ಅಲ್ಲಿ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ರಿಯೆಲ್‌ನನ್ನು ಕರೆತಂದರು. 1885ರ ಮಾರ್ಚ್‌ನಲ್ಲಿ ಯುದ್ಧ, ಮೇ 12ರಂದು ಬಟೋಶ್‌ನಲ್ಲಿ ಸೋಲು, ನವೆಂಬರ್ 16ರಂದು ರೆಜೈನಾದಲ್ಲಿ ಗಲ್ಲು.

ಇನ್ನು ನಿಮ್ಮ ಪ್ರಶ್ನೆ. ಗಲ್ಲಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ, 1887ರಲ್ಲಿ, ಮ್ಯಾನಿಟೋಬಾದ ಸೇಂಟ್ ವೈಟಲ್‌ನಲ್ಲಿ ರಿಯೆಲ್‌ನ ಒಡನಾಡಿಗಳು ಸೇಂಟ್ ಜೋಸೆಫ್ ಮೆಟಿ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಅದು ಇಂದಿಗೂ ಇದೆ. ರಿಯೆಲ್ ಹುಚ್ಚ, ದ್ರೋಹಿ ಎಂದು ಎಲ್ಲರೂ ಬರೆಯುತ್ತಿದ್ದ ಕಾಲದಲ್ಲಿ ಕಂಡವರಿಂದ ಕೇಳಿ ತಮ್ಮ ಇತಿಹಾಸ ತಾವೇ ಬರೆಸುವ ಕೆಲಸಕ್ಕೆ ಕೈಹಾಕಿದ ಸಂಘ ಅದು.

ಆದರೆ ಬಹಳಷ್ಟು ಜನರಿಗೆ ನಿಲ್ಲಲು ನೆಲವೇ ಇರಲಿಲ್ಲ. ಹೊಸ ಸರ್ವೇಯಲ್ಲಿ ಮುಂದೆಂದೋ ಆಗಬಹುದಾದ ರಸ್ತೆಗೆಂದು ಬಿಟ್ಟ ಪಟ್ಟಿಗಳಿದ್ದವಲ್ಲ, ಅಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಜಮೀನು ಸ್ವಂತದ್ದಲ್ಲ, ತೆರಿಗೆ ಕಟ್ಟುವುದಿಲ್ಲ, ತೆರಿಗೆ ಕಟ್ಟದವರ ಮಕ್ಕಳಿಗೆ ಎಷ್ಟೋ ಕಡೆ ಶಾಲೆಯೂ ಇಲ್ಲ. ಮೂಲನಿವಾಸಿಗಳ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ, ಆ ಮೂಲನಿವಾಸಿಗಳನ್ನು ಇಂಡಿಯನ್ನರು ಎಂದು ಕರೆಯುತ್ತಿದ್ದ ಇಂಡಿಯನ್ ಇಲಾಖೆಯೂ ತಮ್ಮವರಲ್ಲ ಎಂದಿತು. 1930ರಲ್ಲಿ ಒಕ್ಕೂಟ ಸರ್ಕಾರ ನೈಸರ್ಗಿಕ ಸಂಪತ್ತನ್ನು ಪ್ರಾಂತ್ಯಗಳಿಗೆ ವರ್ಗಾಯಿಸಿದಾಗ ಆಲ್ಬರ್ಟಾದ ಫಿಶಿಂಗ್ ಲೇಕ್ ಸುತ್ತಲಿನ ಮೆಟಿಗಳಿಗೆ ದಿಗಿಲಾಯಿತು. ಈ ಕಾಡು ಕೂಡ ವಲಸಿಗರ ಪಾಲಾದರೆ? ಅವರಿಗೆ ಹಿಂದಿನ ನೆನಪಿತ್ತು: ಮೆಟಿಗಳಿಗೆಂದೇ 1896ರಲ್ಲಿ ತೆರೆದ ಸೇಂಟ್ ಪಾಲ್ ವಸಾಹತನ್ನು 1909ರಲ್ಲಿ ಇತರರಿಗೆ ಬಿಟ್ಟುಕೊಟ್ಟಿದ್ದರು.

ಇಲ್ಲಿಂದ ಮುಂದಿನದ್ದು ನನಗೆ ಅತ್ಯಂತ ಪ್ರೀತಿಯ ಅಧ್ಯಾಯ. 1932ರ ಡಿಸೆಂಬರ್ 28ರಂದು ನಿಮ್ಮ ಎಡ್ಮಂಟನ್ ಪಕ್ಕದ ಸೇಂಟ್ ಆಲ್ಬರ್ಟ್‌ನಲ್ಲಿ ಆಲ್ಬರ್ಟಾ ಮತ್ತು ವಾಯವ್ಯ ಪ್ರಾಂತ್ಯಗಳ ಮೆಟಿ ಸಂಘ ಸ್ಥಾಪನೆಯಾಯಿತು. ಅಧ್ಯಕ್ಷ ಜೋ ಡಿಯಾನ್, ಕ್ರೀ ಜನರ ನಡುವೆ ಮೇಷ್ಟರಾಗಿದ್ದವರು. ಉಪಾಧ್ಯಕ್ಷ ಮಾಲ್ಕಮ್ ನಾರಿಸ್, ಕ್ರೀ ಭಾಷೆಯಲ್ಲಿ ನಿಂತು ಮಾತಾಡಿದರೆ ಸಭೆ ಅಲ್ಲಾಡದೆ ಕೇಳುತ್ತಿತ್ತಂತೆ. ಕಾರ್ಯದರ್ಶಿ ಜಿಮ್ ಬ್ರೇಡಿ, ಆಗಿನ್ನೂ ಇಪ್ಪತ್ನಾಲ್ಕರ ಯುವಕ. ಜೊತೆಗೆ ಪೀಟರ್ ಟಾಮ್ಕಿನ್ಸ್, ಫೆಲಿಕ್ಸ್ ಕ್ಯಾಲಿಹೂ. ಬ್ರೇಡಿಯ ತಾಯಿಯ ತಂದೆ ಲಾರೆಂಟ್ ಗಾರ್ನೊ. ನಿಮ್ಮ ವಿಶ್ವವಿದ್ಯಾಲಯದ ಪಕ್ಕದ ಗಾರ್ನೊ ಬಡಾವಣೆಗೆ ಅವರದೇ ಹೆಸರು. ಬ್ರೇಡಿ ಮತ್ತು ನಾರಿಸ್ ಇಬ್ಬರೂ ಎಡಪಂಥೀಯರು, ಬಡತನವನ್ನು ದೈವಕ್ಕೆ ಬಿಡದವರು. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ, ಕೈಯಲ್ಲಿ ಕಾಸಿಲ್ಲದೆ, ಉತ್ತರ ಆಲ್ಬರ್ಟಾದ ಊರೂರಿಗೂ ಹೋಗಿ ಸ್ಥಳೀಯ ಶಾಖೆಗಳನ್ನು ಕಟ್ಟಿದರು. ಬ್ರೇಡಿ ಪತ್ರ, ಟಿಪ್ಪಣಿ, ಫೋಟೊ ಯಾವುದನ್ನೂ ಬಿಸಾಡದ ಮನುಷ್ಯ. ಅವನ ಕಾಗದಗಳು ಕ್ಯಾಲ್ಗರಿಯ ಗ್ಲೆನ್‌ಬೋ ಸಂಗ್ರಹದಲ್ಲಿ ಉಳಿದವು. ಅವು ಉಳಿಯದಿದ್ದರೆ ನೀವು ಓದಿದ ಪುಸ್ತಕಗಳ ಹಾಗೆ ನಾನೂ ಹಾರಿ ಹೋಗಬೇಕಿತ್ತು.

ಒತ್ತಡಕ್ಕೆ ಮಣಿದು ಪ್ರಾಂತ್ಯ ಸರ್ಕಾರ 1934ರ ಕೊನೆಗೆ ನ್ಯಾಯಾಧೀಶ ಯೂಯಿಂಗ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಸಂಘದವರು ಹಕ್ಕಿನ ಮಾತೆತ್ತಿದರು; ಆಯೋಗ ಹಕ್ಕಿನ ಪ್ರಶ್ನೆ ಮುಟ್ಟದೆ, ಕ್ಷಯರೋಗ, ಹಸಿವು, ಶಾಲೆಯಿಲ್ಲದ ಮಕ್ಕಳ ಕಡೆಗೆ ಮಾತ್ರ ನೋಡಿತು. ಕೊಡುವುದಾದರೆ ದಯೆಯಿಂದ ಕೊಡುತ್ತೇವೆ, ಋಣದಿಂದಲ್ಲ ಎಂಬ ನಿಲುವು. ಆದರೂ ಅದರ ಶಿಫಾರಸಿನಿಂದ 1938ರ ಕಾಯ್ದೆ ಬಂತು. ಅದನ್ನು ರೂಪಿಸುವ ಕೆಲಸದಲ್ಲಿ ಸರ್ಕಾರ ಸಂಘದವರನ್ನೂ ಕೂರಿಸಿಕೊಂಡಿತು. ಆಲ್ಬರ್ಟಾದ ಉತ್ತರದಲ್ಲಿ ಹನ್ನೆರಡು ವಸಾಹತುಗಳಿಗೆ ಜಾಗ ಗುರುತಿಸಿದರು. ಕೆನಡಾದಲ್ಲಿ ಮೆಟಿಗಳಿಗೆ ಸಾಮೂಹಿಕವಾಗಿ ನೆಲ ಸಿಕ್ಕದ್ದು ಅಲ್ಲಿ ಮಾತ್ರ. ಅದೇ ಹೊತ್ತಿಗೆ ಮ್ಯಾನಿಟೋಬಾದ ಸೇಂಟ್ ಮ್ಯಾಡಲೀನ್ ಎಂಬ ಮೆಟಿ ಊರನ್ನು ದನ ಮೇಯಿಸುವ ಸಾರ್ವಜನಿಕ ಹುಲ್ಲುಗಾವಲು ಮಾಡಲೆಂದು ಖಾಲಿ ಮಾಡಿಸಿ ಮನೆಗಳನ್ನು ಸುಟ್ಟರು. ಎರಡು ಪ್ರಾಂತ್ಯ, ಒಂದೇ ದಶಕ. ಒಂದು ಕಡೆ ಊರೂರಿಗೂ ಶಾಖೆಯಿದ್ದ ಸಂಘವಿತ್ತು. ಅದರಿಂದಾದ ವ್ಯತ್ಯಾಸವನ್ನು ನಾನು ಕಡಿಮೆ ಮಾಡಿ ಹೇಳಲಾರೆ.

ಕಾಯ್ದೆ ಬಂದರೂ ಯಜಮಾನಿಕೆ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ನಾಲ್ಕು ವಸಾಹತು ಮುಚ್ಚಿದರು. ವುಲ್ಫ್ ಲೇಕ್‌ನವರನ್ನು 1960ರಲ್ಲಿ ಎಬ್ಬಿಸಿದರು. ಉಳಿದ ಎಂಟು ಊರಿನವರು ತಮ್ಮ ನೆಲದಡಿಯ ಎಣ್ಣೆ, ಅನಿಲದ ಹಣಕ್ಕಾಗಿ ಕೋರ್ಟು ಹತ್ತಿ, 1975ರಲ್ಲಿ ಒಕ್ಕೂಟ ಕಟ್ಟಿ, ಕೊನೆಗೆ 1990ರಲ್ಲಿ ಸುಮಾರು 12.5 ಲಕ್ಷ ಎಕರೆಯ ಒಡೆತನವನ್ನೂ ಹದಿನೇಳು ವರ್ಷಗಳಲ್ಲಿ 31 ಕೋಟಿ ಡಾಲರನ್ನೂ ಪಡೆದರು. ನೀವು ಕಾರಿನಲ್ಲಿ ಹೋಗಬಹುದಾದ ಊರುಗಳಿವು: ಕಿಕಿನೊ, ಬಫೆಲೋ ಲೇಕ್, ಫಿಶಿಂಗ್ ಲೇಕ್, ಎಲಿಜಬೆತ್.

ಬ್ರೇಡಿ, ನಾರಿಸ್ ಇಬ್ಬರೂ ಮುಂದೆ ಸಸ್ಕ್ಯಾಚೆವನ್‌ಗೆ ಹೋದರು. 1964ರಲ್ಲಿ ನಾರಿಸ್ ಪ್ರಿನ್ಸ್ ಆಲ್ಬರ್ಟ್‌ನಲ್ಲಿ ಮತ್ತೊಂದು ಮೆಟಿ ಸಂಘ ಹುಟ್ಟುಹಾಕಿದರು. 1967ರ ಜೂನ್‌ನಲ್ಲಿ ಲಾ ರೊಂಜ್‌ನ ಉತ್ತರದ ಕಾಡಿಗೆ ಖನಿಜ ಹುಡುಕಲು ಹೋದ ಬ್ರೇಡಿ ಮತ್ತು ಜೊತೆಗಾರ ಹಿಂತಿರುಗಲಿಲ್ಲ, ದೇಹವೂ ಸಿಗಲಿಲ್ಲ. ಅದೇ ವರ್ಷ ನಾರಿಸ್ ತೀರಿಕೊಂಡರು. ಅದೇ ವರ್ಷದ ಕೊನೆಗೆ ಮ್ಯಾನಿಟೋಬಾ ಮೆಟಿ ಫೆಡರೇಶನ್ ಹುಟ್ಟಿತು. ನಿಮ್ಮ ಪುಸ್ತಕಗಳು ಕಥೆ ಮತ್ತೆ ಎತ್ತಿಕೊಳ್ಳುವುದು ಇಲ್ಲಿಂದ.

ಮೇಡಂ, ಕೆಲಸದ ಮೇಲೆ ಮೆಟಿ ಸಂಸ್ಥೆಗಳ ಜೊತೆ ವ್ಯವಹರಿಸುತ್ತೇನೆ. ಫೆಡರೇಶನ್, ನೇಶನ್, ಕೌನ್ಸಿಲ್, ಕಾಂಗ್ರೆಸ್… ಒಂದೇ ಜನಕ್ಕೆ ಇಷ್ಟು ಸಂಸ್ಥೆ ಏಕೆ? ಏಕೆ ಪದೇ ಪದೇ ಒಡೆಯುತ್ತವೆ?
— ಸರ್ಕಾರಿ ಗುತ್ತಿಗೆ ಉದ್ಯೋಗಿ, ಸಸ್ಕಟೂನ್

ಸಂವಿಧಾನದ ಮೇಜಿನ ಸುತ್ತ ಕುರ್ಚಿಗಳು ಎಷ್ಟು, ಅಲ್ಲಿ ಕೂರುವವರು ಯಾರು ಎಂಬ ಪ್ರಶ್ನೆಯಿಂದಲೇ ಬಹುಪಾಲು ಒಡಕು ಬಂದದ್ದು.

1971ರಲ್ಲಿ ಕೆನಡಾ ಮಟ್ಟದಲ್ಲಿ ನೇಟಿವ್ ಕೌನ್ಸಿಲ್ ಆಫ್ ಕೆನಡಾ ಶುರುವಾಯಿತು. ಮೊದಲ ಅಧ್ಯಕ್ಷ ಟೋನಿ ಬೆಲ್ಕೋರ್ಟ್. ಅದರಲ್ಲಿ ಮೆಟಿಗಳೂ ಇದ್ದರು, ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದ ಇಂಡಿಯನ್ನರೂ ಇದ್ದರು. ಬಡತನ, ಮನೆಯಿಲ್ಲದಿರುವುದು, ಇಲಾಖೆಯ ತಾತ್ಸಾರ, ಇವೆಲ್ಲ ಇಬ್ಬರಿಗೂ ಸಮಾನವಾಗಿದ್ದುದರಿಂದ ಒಂದೇ ಸೂರು ಸಾಕಿತ್ತು. ಸಂವಿಧಾನ ತಿದ್ದುಪಡಿಯ ಹೊತ್ತಿನಲ್ಲಿ ಹ್ಯಾರಿ ಡೇನಿಯಲ್ಸ್ ಅದರ ಮುಂದಾಳು. 1981ರ ಜನವರಿಯಲ್ಲಿ ಪಟ್ಟು ಹಿಡಿದು ಮೆಟಿ ಎಂಬ ಹೆಸರನ್ನು ಕರಡಿನೊಳಗೆ ಬರೆಸಿದ್ದು ಅವರೇ. ಆ ವರ್ಷದ ನವೆಂಬರ್‌ನಲ್ಲಿ ಪ್ರಾಂತ್ಯಗಳ ಮುಖ್ಯಸ್ಥರು ಮೂಲನಿವಾಸಿಗಳ ಹಕ್ಕಿನ ಕಲಮನ್ನೇ ಎತ್ತಿಹಾಕಿದರು, ದೇಶದ ಉದ್ದಗಲಕ್ಕೂ ಪ್ರತಿಭಟನೆಯಾಗಿ ಅದು ಮರಳಿ ಬಂತು. 1982ರ ಸಂವಿಧಾನದ 35ನೇ ಕಲಮು ಇಂಡಿಯನ್, ದೂರದ ಉತ್ತರದ ಇನ್ಯೂಟ್ ಮತ್ತು ಮೆಟಿ ಎಂದು ಮೂರು ಜನರನ್ನು ಹೆಸರಿಸುತ್ತದೆ.

ಹೆಸರು ಬಂದದ್ದೇ ತಡ, ಸೂರು ಸಾಲದಾಯಿತು. 1983ರ ಮಾರ್ಚ್‌ನಲ್ಲಿ ಪ್ರಧಾನಿ ಮತ್ತು ಪ್ರಾಂತ್ಯ ಮುಖ್ಯಸ್ಥರ ಜೊತೆ ಹಕ್ಕುಗಳ ಸಮ್ಮೇಳನ ನಿಗದಿಯಾಗಿತ್ತು. ಹುಲ್ಲುಗಾವಲು ಪ್ರಾಂತ್ಯಗಳಾದ ಮ್ಯಾನಿಟೋಬಾ, ಸಸ್ಕ್ಯಾಚೆವನ್, ಆಲ್ಬರ್ಟಾಗಳ ಮೆಟಿಗಳು ತಮ್ಮ ಪರವಾಗಿ ತಾವೇ ಮಾತಾಡಬೇಕೆಂದರು. ಹಳೆಯ ಕೌನ್ಸಿಲ್‌ನಿಂದ ಹೊರಬಂದು ಮೆಟಿ ನ್ಯಾಷನಲ್ ಕೌನ್ಸಿಲ್ ಕಟ್ಟಿ, ಕೋರ್ಟಿನ ಮೆಟ್ಟಿಲೇರಿ ತಮ್ಮ ಕುರ್ಚಿ ಪಡೆದರು. ಹಳೆಯದು ಮುಂದೆ ಕಾಂಗ್ರೆಸ್ ಆಫ್ ಅಬಾರಿಜಿನಲ್ ಪೀಪಲ್ಸ್ ಆಯಿತು. ಸಸ್ಕ್ಯಾಚೆವನ್‌ನ ಜಿಮ್ ಸಿಂಕ್ಲೇರ್ ಅಂಥವರು 1987ರವರೆಗೆ ನಾಲ್ಕು ಸಮ್ಮೇಳನಗಳಲ್ಲಿ ಸ್ವಯಮಾಡಳಿತಕ್ಕಾಗಿ ವಾದಿಸಿದರು, ಒಪ್ಪಂದವಾಗಲಿಲ್ಲ. 1992ರಲ್ಲಿ ಸಂವಿಧಾನ ತಿದ್ದುಪಡಿಯ ಶಾರ್ಲಟ್‌ಟೌನ್ ಒಪ್ಪಂದದ ಜೊತೆಗೆ ಮೆಟಿ ಒಪ್ಪಂದವೂ ಸಿದ್ಧವಿತ್ತು. ಜನಮತಗಣನೆಯಲ್ಲಿ ದೇಶ ಬೇಡವೆಂದಿತು, ಎರಡೂ ಒಟ್ಟಿಗೆ ಬಿದ್ದವು. ಮಾತುಕತೆ ಮುಚ್ಚಿದ ಮೇಲೆ ಉಳಿದದ್ದು ಕೋರ್ಟು. ಹ್ಯಾರಿ ಡೇನಿಯಲ್ಸ್ 1999ರಲ್ಲಿ ಹೂಡಿದ ದಾವೆ 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು: ಮೆಟಿಗಳೂ ಒಕ್ಕೂಟ ಸರ್ಕಾರದ ಹೊಣೆಗಾರಿಕೆಗೆ ಸೇರಿದವರು ಎಂದಾಯಿತು. ಅವರು ಅದನ್ನು ನೋಡಲಿಲ್ಲ, 2004ರಲ್ಲೇ ತೀರಿಕೊಂಡಿದ್ದರು.

ಈಗಿನ ಒಡಕಿಗೆ ಬರೋಣ. ಒಂಟಾರಿಯೊದ ಮೆಟಿ ಸಂಸ್ಥೆ ತನ್ನ ಪ್ರಾಂತ್ಯದ ಕೆಲವು ಹಳೆಯ ಸಮುದಾಯಗಳನ್ನು ಮೆಟಿ ಎಂದು 2017ರಲ್ಲಿ ಗುರುತಿಸಿತು. ರೆಡ್ ನದಿಯ ಮೂಲ ನೆಲೆಯವರೊಂದಿಗೆ ಬಂಧುತ್ವವಿಲ್ಲದವರನ್ನು ಸೇರಿಸುತ್ತಿದ್ದೀರಿ ಎಂದು ಮ್ಯಾನಿಟೋಬಾ ಫೆಡರೇಶನ್ ತಿರುಗಿಬಿತ್ತು, 2021ರಲ್ಲಿ ನ್ಯಾಷನಲ್ ಕೌನ್ಸಿಲ್ ಬಿಟ್ಟು ಹೊರನಡೆಯಿತು. 2024ರಲ್ಲಿ ನಿಮ್ಮ ಸಸ್ಕ್ಯಾಚೆವನ್ ಸಂಸ್ಥೆಯೂ, ಬ್ರಿಟಿಷ್ ಕೊಲಂಬಿಯಾದ ಸಂಸ್ಥೆಯೂ ಹೊರಬಂದವು. ಆ ವರ್ಷವೇ ಮ್ಯಾನಿಟೋಬಾ ಫೆಡರೇಶನ್ ಒಕ್ಕೂಟ ಸರ್ಕಾರದೊಂದಿಗೆ ಸ್ವಯಮಾಡಳಿತದ ಒಪ್ಪಂದಕ್ಕೆ ಸಹಿ ಹಾಕಿತು. ಆಲ್ಬರ್ಟಾದ ಸಂಘ 2022ರಲ್ಲಿ ತನ್ನದೇ ಸಂವಿಧಾನವನ್ನು ಸದಸ್ಯರ ಮತದಿಂದ ಅಂಗೀಕರಿಸಿ, ಒಟಿಪೆಮಿಸಿವಾಕ್ ಮೆಟಿ ಸರ್ಕಾರ ಎಂದು ಕರೆದುಕೊಳ್ಳುತ್ತಿದೆ.

ಇದನ್ನು ಬರೀ ಕಚ್ಚಾಟ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಎಂಬತ್ತು ವರ್ಷ ಯಾರ ಪಟ್ಟಿಯಲ್ಲೂ ಹೆಸರಿಲ್ಲದೆ ರಸ್ತೆ ಬದಿಯಲ್ಲಿ ಬದುಕಿದ ಜನಕ್ಕೆ, ಈಗ ಪಟ್ಟಿ ತಮ್ಮ ಕೈಗೆ ಬಂದಾಗ ಅದರಲ್ಲಿ ಯಾರ ಹೆಸರು ಬರೆಯಬೇಕೆಂಬುದು ಸಣ್ಣ ವಿಷಯವಲ್ಲ. ನಿಮ್ಮ ವ್ಯವಹಾರಕ್ಕೆ ನನ್ನ ಸಲಹೆ ಇಷ್ಟೇ: ಯಾವ ಸಂಸ್ಥೆ ಯಾರನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಅವರನ್ನೇ ಕೇಳಿ, ಒಬ್ಬರ ಮಾತನ್ನು ಎಲ್ಲರ ಮಾತು ಎಂದು ಕಡತದಲ್ಲಿ ಬರೆಯಬೇಡಿ.

ಮುತ್ತಜ್ಜಿ ಮೂಲನಿವಾಸಿ ಎಂದು ಗೊತ್ತಾದರೆ ಯಾರು ಬೇಕಾದರೂ ಮೆಟಿ ಸದಸ್ಯತ್ವ ಪಡೆಯಬಹುದೇ? ನನ್ನ ಸಹೋದ್ಯೋಗಿಯೊಬ್ಬರ ಪ್ರಶ್ನೆ.
— ದಾದಿ, ಥಂಡರ್ ಬೇ

ಇಲ್ಲ. 1993ರ ಅಕ್ಟೋಬರ್‌ನಲ್ಲಿ ನಿಮ್ಮ ಪ್ರಾಂತ್ಯದ ಸೂ ಸೇಂಟ್ ಮರೀ ಬಳಿ ಸ್ಟೀವ್ ಪೌಲಿ ಮತ್ತು ಮಗ ರಾಡಿ ಚಳಿಗಾಲದ ಊಟಕ್ಕೆಂದು ಮೂಸ್ ಎಂಬ ಒಂದು ದೊಡ್ಡ ಜಿಂಕೆ ಹೊಡೆದರು, ಪರವಾನಗಿ ಇಲ್ಲವೆಂದು ಕೇಸಾಯಿತು. ಹತ್ತು ವರ್ಷದ ಮೇಲೆ, 2003ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಆ ತೀರ್ಪಿನಲ್ಲಿ ಮೂರು ಮಾತು ಮುಖ್ಯ: ತಾನು ಮೆಟಿ ಎಂದು ವ್ಯಕ್ತಿ ಹೇಳಿಕೊಳ್ಳಬೇಕು, ಐತಿಹಾಸಿಕ ಮೆಟಿ ಸಮುದಾಯದೊಂದಿಗೆ ಪೂರ್ವಜರ ಸಂಬಂಧ ತೋರಿಸಬೇಕು, ಇಂದಿನ ಸಮುದಾಯ ಅವರನ್ನು ತಮ್ಮವರೆಂದು ಒಪ್ಪಬೇಕು. ರಕ್ತಪರೀಕ್ಷೆಯ ವರದಿ ಇವುಗಳ ಬದಲಿಗೆ ನಿಲ್ಲುವುದಿಲ್ಲ. 2021ರ ಜನಗಣತಿಯಲ್ಲಿ 6,24,220 ಜನ ತಮ್ಮನ್ನು ಮೆಟಿ ಎಂದು ಬರೆಸಿದ್ದಾರೆ; ಆದರೆ ಜನಗಣತಿಯಲ್ಲಿ ಬರೆಸುವುದೇ ಬೇರೆ, ಸಂಸ್ಥೆಯ ನೋಂದಣಿಯೇ ಬೇರೆ. ನಿಮ್ಮ ಸಹೋದ್ಯೋಗಿ ಮುತ್ತಜ್ಜಿಯ ಊರು, ಮನೆತನದ ಹೆಸರು ಹಿಡಿದು ಚರ್ಚಿನ ದಾಖಲೆಯಿಂದ ಹುಡುಕಲು ಶುರುಮಾಡಲಿ. ಆ ಅಜ್ಜಿ ಕ್ರೀ ಅಥವಾ ಒಜಿಬ್ವೆ ಎಂದು ತಿಳಿದರೆ ಅದೇ ಒಂದು ಹಿರಿಮೆ, ಅದನ್ನು ಮೆಟಿ ಮಾಡಬೇಕಿಲ್ಲ.

ಜುಲೈನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬಹುದಾದ ಜಾಗ ಹೇಳಿ.
— ವಿನ್ನಿಪೆಗ್‌ನ ಅದೇ ತಾಯಿ

ಮೊದಲು ನಿಮ್ಮೂರಲ್ಲೇ ಸೇಂಟ್ ಬೋನಿಫೇಸ್ ಚರ್ಚಿನ ಅಂಗಳದಲ್ಲಿರುವ ರಿಯೆಲ್ ಸಮಾಧಿ, ಆಮೇಲೆ ಮೇನ್ ಸ್ಟ್ರೀಟ್ ಪಕ್ಕದಲ್ಲಿ ಉಳಿದಿರುವ ಫೋರ್ಟ್ ಗ್ಯಾರಿಯ ಕಲ್ಲಿನ ಬಾಗಿಲು. ಎರಡಕ್ಕೂ ಕಾಸಿಲ್ಲ. ಮಗಳು ದೊಡ್ಡವಳಾಗಿದ್ದರೆ ಭೂಪಟ ತೆರೆದು ನದಿಗೆ ನೇರವಾಗಿ ಇಳಿಯುವ ಬೀದಿಗಳನ್ನು ತೋರಿಸಿ, ಹಳೆಯ ಹೊಲದ ಪಟ್ಟಿಗಳ ಗುರುತು ಅವು. ದೂರ ಹೋಗುವ ಮನಸ್ಸಿದ್ದರೆ ಸಸ್ಕಟೂನ್‌ನಿಂದ ಈಶಾನ್ಯಕ್ಕೆ ಬಟೋಶ್. ಪ್ರತಿ ಜುಲೈನಲ್ಲಿ ಅಲ್ಲಿ ಮೆಟಿಗಳ ದೊಡ್ಡ ಸಮಾವೇಶ: ಪಿಟೀಲು, ಜಿಗ್ ಕುಣಿತ, ಗಾಡಿ ಓಟ. ನದಿಯ ಪಶ್ಚಿಮ ದಡದ ಜಮೀನನ್ನು ಪಾರ್ಕ್ಸ್ ಕೆನಡಾ 2022ರಲ್ಲಿ ಸಸ್ಕ್ಯಾಚೆವನ್ ಮೆಟಿ ಸಂಸ್ಥೆಗೆ ಹಿಂತಿರುಗಿಸಿತು, ಅದನ್ನೂ ನೋಡಿ ಬನ್ನಿ.